ಕೇಮನ್ ದ್ವೀಪಕ್ಕೆ ಹೊರಟಿರುವ ತುಮಕೂರಿನ ವಕೀಲರಿಗೆ

ಕೆರಿಬಿಯನ್ ಸಮುದ್ರದಲ್ಲಿರುವ, ಬ್ರಿಟನ್ನಿಗೆ ಸೇರಿದ ಕೇಮನ್ ದ್ವೀಪಗಳಲ್ಲಿ ನಾನು ಕಂಪನಿ ವಕೀಲೆ. ಕಳೆದ ಸಲ ರಜೆಗೆ ತುಮಕೂರಿಗೆ ಬಂದಾಗ, ಅಲ್ಲಿಯ ಕೆಲಸದ ಬಗ್ಗೆ ಕೇಳಲು ಇಬ್ಬರು ಎಲ್‌ಎಲ್‌ಬಿ ಹುಡುಗಿಯರು ಮನೆಗೆ ಬಂದಿದ್ದರು. ಜೊತೆಗೆ ಒಬ್ಬಳ ತಂದೆ. ಹುಡುಗಿಯರು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು: ‘ಅಲ್ಲಮ್ಮಾ, ಅದು ಕಪ್ಪುಹಣ ಬಚ್ಚಿಡೋ ಕೆಲಸ ಅಂತಾರಲ್ಲ?’ ಕೇಳಲೇಬೇಕಾದ ಪ್ರಶ್ನೆ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಮ್ಮ ಕೋರ್ಟಿನ ವಕೀಲರು ಬ್ಯಾಂಕ್ ಸಾಲಕ್ಕೆ ಲೀಗಲ್ ಒಪೀನಿಯನ್ ಕೊಡುವುದನ್ನು ನೋಡಿದ್ದೀರಿ. ಕ್ರಯಪತ್ರ, ಪಹಣಿ, ಮ್ಯುಟೇಷನ್, ಇ.ಸಿ. (ಆಸ್ತಿಯ ಮೇಲಿನ ಅಡಮಾನ, ಋಣ ತೋರಿಸುವ ಸರ್ಕಾರಿ ಪತ್ರ) ಎಲ್ಲ ಓದಿ, ‘ಜಮೀನು ಇವರದೇ, ಅಡ ಇಡಲು ಹಕ್ಕಿದೆ’ ಎಂದು ಸಹಿ ಹಾಕುತ್ತಾರೆ. ಕೇಮನ್‌ನ ರಾಜಧಾನಿ ಜಾರ್ಜ್‌ಟೌನ್‌ನಲ್ಲಿ ನಾನು ಮಾಡುವುದೂ ಹೆಚ್ಚುಕಡಿಮೆ ಅದೇ. ಜಮೀನಿನ ಜಾಗದಲ್ಲಿ ಕಂಪನಿ. ನಾಲ್ಕು ದೇಶದವರು ಹಣ ಸೇರಿಸಿ ಹೂಡಿಕೆಯ ಫಂಡ್ ಕಟ್ಟುವಾಗ ಎಲ್ಲರೂ ಒಪ್ಪುವ ಒಂದು ನೆಲ ಬೇಕಾಗುತ್ತದೆ. ಕೇಮನ್‌ನಲ್ಲಿ ಆದಾಯ ತೆರಿಗೆ ಇಲ್ಲ. ಕಾನೂನಿನ ಬುಡ ಇಂಗ್ಲಿಷ್ ಕಾಮನ್ ಲಾ. ಕೊನೆಯ ಅಪೀಲು ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ. 1949ರವರೆಗೆ ಭಾರತದ ಹೈಕೋರ್ಟುಗಳ ಅಪೀಲುಗಳೂ ಅಲ್ಲಿಗೇ ಹೋಗುತ್ತಿದ್ದವು. ಹೂಡಿದವರು ತಮ್ಮ ದೇಶದಲ್ಲಿ ಕಟ್ಟಬೇಕಾದ ತೆರಿಗೆ ಇದರಿಂದ ಮಾಫಿ ಆಗುವುದಿಲ್ಲ. ಬಚ್ಚಿಡುವವರು ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ. ಅದಕ್ಕೇ ಹಣ ಯಾರದು, ಎಲ್ಲಿಂದ ಬಂತು ಎಂದು ತಿಳಿಯದೆ ಫೈಲು ತೆರೆಯುವಂತಿಲ್ಲ. ಆ ಪರಿಶೀಲನೆಯ ಕೆಲಸ ಹೊಸಬರ ಪಾಲಿಗೇ ಬೀಳುತ್ತದೆ, ಕೀಳೆಂದು ಭಾವಿಸಬೇಡಿ.

ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಕಂಪನಿಯ ಅಡಮಾನಗಳಿಗೆ ಇ.ಸಿ.ಯಂಥ ಸರ್ಕಾರಿ ದಾಖಲೆ ಸಿಗದು. ಕಂಪನಿಯೇ ತನ್ನ ನೋಂದಾಯಿತ ಕಚೇರಿಯ ರಿಜಿಸ್ಟರಿನಲ್ಲಿ ಬರೆದಿಡುತ್ತದೆ. ಹಾಗಾಗಿ ಆ ರಿಜಿಸ್ಟರು, ಆರ್ಟಿಕಲ್ಸ್ (ಕಂಪನಿಯ ಒಳನಿಯಮಗಳು), ಬೋರ್ಡ್ ನಿರ್ಣಯ ಎಲ್ಲವನ್ನೂ ನೀವೇ ಓದಬೇಕು, ನಮ್ಮ ಹೈಕೋರ್ಟಿನಂಥ ಗ್ರ್ಯಾಂಡ್ ಕೋರ್ಟಿನಲ್ಲಿ ದಾವೆ ಬಿದ್ದಿದೆಯೇ ಎಂದೂ ಹುಡುಕಬೇಕು. ಮೊದಲ ವರ್ಷ ಒಂದು ಸಾಲದ ಫೈಲಿನಲ್ಲಿ ಒಬ್ಬ ನಿರ್ದೇಶಕರ ಸಹಿ ನೋಡಿ ಸರಿಯಿದೆ ಎಂದುಬಿಟ್ಟೆ. ಆರ್ಟಿಕಲ್ಸ್‌ನಲ್ಲಿ ಇಬ್ಬರ ಸಹಿ ಬೇಕೆಂದಿತ್ತು. ಹಣ ಬಿಡುಗಡೆಯಾಗುವ ಹಿಂದಿನ ರಾತ್ರಿ ಸೀನಿಯರ್ ಕಣ್ಣಿಗೆ ಬಿತ್ತು. ಇಂದಿಗೂ ಸಹಿಯ ಪುಟವನ್ನು ಎರಡು ಸಲ ಓದುತ್ತೇನೆ.

ಕಾಲೇಜು ಮುಗಿಸಿ ನೇರವಾಗಿ ಬರುವ ಯೋಚನೆ ಬಿಡಿ. ಅಲ್ಲಿಯ ಕಚೇರಿಗಳು ಪಳಗಿದವರನ್ನು ಹುಡುಕುತ್ತವೆ. ಬೆಂಗಳೂರು ಅಥವಾ ಮುಂಬೈಯಲ್ಲಿ ಮೂರುನಾಲ್ಕು ವರ್ಷ ಕಂಪನಿ ಕೆಲಸ ಮಾಡಿ, ಇಂಗ್ಲೆಂಡಿನಲ್ಲಿ ಸಾಲಿಸಿಟರ್ (ವಕೀಲ) ಆಗಲು ಇರುವ ಎಸ್‌ಕ್ಯೂಇ ಬರೆಯಿರಿ. 2021ರಲ್ಲಿ ಶುರುವಾದ ಪರೀಕ್ಷೆ. ಉಳಿದವರಿಗಿರುವ ಎರಡು ವರ್ಷದ ಅನುಭವದ ಷರತ್ತು ಈಗಾಗಲೇ ವಕೀಲರಾದವರಿಗಿಲ್ಲ. ಸಂಬಳದ ಪೂರ್ಣಾವಧಿ ನೌಕರಿ ಹಿಡಿದ ಮೇಲೆ ಬಾರ್ ಕೌನ್ಸಿಲ್‌ಗೆ ತಿಳಿಸಿ ಇಲ್ಲಿಯ ವಕೀಲಿ ಸನ್ನದನ್ನು ಅಮಾನತಿನಲ್ಲಿಡಬೇಕು, ಮರೆಯಬೇಡಿ.

ಪದವಿಪತ್ರಕ್ಕೆ ಅಪೊಸ್ಟಿಲ್ (ಹೊರದೇಶದಲ್ಲಿ ನಡೆಯುವ ಸರ್ಕಾರಿ ದೃಢೀಕರಣ), ಪೊಲೀಸ್ ಕ್ಲಿಯರೆನ್ಸ್ ಊರಿನಲ್ಲಿರುವಾಗಲೇ ಮಾಡಿಸಿಕೊಳ್ಳಿ. ಮಿಯಾಮಿಯಲ್ಲಿ ವಿಮಾನ ಬದಲಿಸಲಿಕ್ಕೂ ಅಮೆರಿಕದ ವೀಸಾ ಬೇಕು. ವರ್ಕ್ ಪರ್ಮಿಟ್ ಕೆಲಸ ಕೊಟ್ಟವರ ಹೆಸರಿಗೆ ಕಟ್ಟಿಕೊಂಡಿರುತ್ತದೆ, ಆದ್ದರಿಂದ ಒಪ್ಪಂದ ಓದದೆ ಸಹಿ ಹಾಕಬೇಡಿ. ಆದಾಯ ತೆರಿಗೆ ಇಲ್ಲವೆಂದು ಹಿಗ್ಗಬೇಡಿ: ಹೆಚ್ಚಿನ ಆಮದು ಸಾಮಾನಿನ ಮೇಲೆ ಶೇ. 22 ಸುಂಕ, ಬಾಡಿಗೆಯೂ ಭಾರಿ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. ನೀರು, ಬ್ಯಾಟರಿ, ಪಾಸ್‌ಪೋರ್ಟ್ ಒಂದೇ ಚೀಲದಲ್ಲಿರಲಿ.

ಅಲ್ಲಿ ರಾತ್ರಿ ಒಂಬತ್ತಾದಾಗ ತುಮಕೂರಿನಲ್ಲಿ ಬೆಳಿಗ್ಗೆ ಏಳೂವರೆ. ಅಮ್ಮ ಕಾಫಿ ಕುಡಿಯುವ ಹೊತ್ತು, ನಾನು ಫೋನ್ ಮಾಡುವುದು ಆಗಲೇ.