ಗಾತ್ರದ ಅಳತೆ ಬದಲಿಸುವಾಗ ಸೊನ್ನೆ ತಪ್ಪದಿರಲು

ಮೀಟರಿಗೆ 100 ಸೆಂಟಿಮೀಟರ್ ಅಲ್ವಾ, ಹಾಗಾದರೆ ಘನ ಮೀಟರಿಗೂ 100 ಘನ ಸೆಂಟಿಮೀಟರ್ ಅಂದುಕೊಂಡು ಜಾಸ್ತಿ ಜನ ಎಡವುತ್ತಾರೆ. ಒಂದು ಮೀಟರ್ ಉದ್ದ, ಅಗಲ, ಎತ್ತರದ ಪೆಟ್ಟಿಗೆ ನೆನೆಸಿಕೊಳ್ಳಿ. ಅದಕ್ಕೆ ಒಂದೊಂದು ಸೆಂಟಿಮೀಟರಿನ ದಾಳ ಜೋಡಿಸಿ. ಒಂದು ಸಾಲಿಗೇ 100 ಬೇಕು. ತಳ ಪೂರ್ತಿ ತುಂಬಲು 10,000. ಬಾಯಿವರೆಗೆ ತುಂಬಲು 10 ಲಕ್ಷ! ಈ ಚಿತ್ರ ಒಮ್ಮೆ ತಲೆಯಲ್ಲಿ ಕೂತರೆ ಮರೆಯುವುದಿಲ್ಲ.

ಇನ್ನು, ತೀರಾ ಚಿಕ್ಕದರಿಂದ ತೀರಾ ದೊಡ್ಡದಕ್ಕೆ ಸುಮ್ನೆ ಒಂದೇ ಸಲ ಹಾರಬೇಡಿ. ಮಧ್ಯೆ ಲೀಟರ್ ಮೇಲೆ ಕಾಲಿಡಿ. 1 ಲೀಟರಿಗೆ 10 ಲಕ್ಷ ಮೈಕ್ರೋಲೀಟರ್, 1 ಘನ ಮೀಟರಿಗೆ 1000 ಲೀಟರ್. ಸೊನ್ನೆ ಎಣಿಸಿ: 6, ಮತ್ತೆ 3. ಒಟ್ಟು 9, ಅಂದರೆ ಒಂದು ಘನ ಮೀಟರಿಗೆ 100 ಕೋಟಿ ಮೈಕ್ರೋಲೀಟರ್. ಘನ ಕಿಲೋಮೀಟರ್ ಬೇಕಿದ್ದರೆ ಇನ್ನೂ 9 ಸೊನ್ನೆ ಸೇರಿಸಿ.