ಉದ್ರಿ ಮೇಲೆ ನಡೆದ ರೊಟ್ಟಿ ಖಾನಾವಳಿ: ನನ್ನ ಅನುಭವ

ಉದ್ರಿ ಕೊಟ್ಟರೆ ಮೂರು ತಿಂಗಳಲ್ಲಿ ಬಾಗಿಲು ಹಾಕುತ್ತೀಯ ಎಂದು ನಮ್ಮ ಸಂಘದ ಹಿರಿಯರು ಲೆಕ್ಕ ಹಾಕಿಯೇ ಹೇಳಿದ್ದರು. ಪುಣೆಯ ವಾರ್ಜೆಯಲ್ಲಿ, ದಿನಗೂಲಿಯವರು ಕೆಲಸಕ್ಕಾಗಿ ಕಾದು ನಿಲ್ಲುವ ಮಜೂರ್ ಅಡ್ಡಾ ಪಕ್ಕದ ನಮ್ಮ ಖಾನಾವಳಿಗೆ ಈಗ ನಾಲ್ಕನೆಯ ವರ್ಷ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾವೂ ಎಲ್ಲರಂತೆ ದಾನಿಗಳನ್ನು ಹಿಡಿದು, ಬ್ಯಾನರ್ ಕಟ್ಟಿ, ಪುಕ್ಕಟೆ ಖಿಚಡಿ ಹಂಚಿದೆವು. ಕಲಬುರಗಿ, ಯಾದಗಿರಿ ಕಡೆಯ ಗೌಂಡಿಗಳು (ಕಟ್ಟಡ ಕೆಲಸದವರು) ಸಾಲಿನ ಹತ್ತಿರವೂ ಸುಳಿಯಲಿಲ್ಲ. “ಪುಕ್ಕಟ್ ಉಣ್ಲಾಕ ನಾವೇನ್ ಭಿಕ್ಷಾ ಬೇಡೋರೇನ್ರಿ ಅಣ್ಣಾ?” ಎಂದಳು ಒಬ್ಬ ಅಕ್ಕ. ಆಮೇಲೆ ಊಟದ ಕೂಪನ್. ಹಂಚಲು ತೆಗೆದುಕೊಂಡ ಮುಕಾದಮ್, ಅಂದರೆ ಕೂಲಿಯವರ ಮೇಸ್ತ್ರಿ, ಅದರ ಬೆಲೆಯನ್ನು ಅವರ ಕೂಲಿಯಲ್ಲೇ ಮುರಿದುಕೊಂಡ. ಎರಡರಲ್ಲೂ ಸೇರಿ ಮೂವತ್ತೈದು ಸಾವಿರದಷ್ಟು ನೀರಿಗೆ ಹೋಯಿತು.

ಪುಣೆಯಲ್ಲಿ ಮೇಲ್ಪಂಕ್ತಿ ಇದ್ದೇ ಇತ್ತು. ಕಾರ್ಮಿಕ ನಾಯಕ ಬಾಬಾ ಆಢಾವರ ಹಮಾಲ ಪಂಚಾಯತ್ (ಹಮಾಲರ ಸಂಘ) 1974ರಲ್ಲೇ ‘ಕಷ್ಟಾಚಿ ಭಾಕರ್’ (ದುಡಿಮೆಯ ರೊಟ್ಟಿ) ಎಂಬ ಊಟದ ಕೇಂದ್ರ ತೆರೆದು, ಲಾಭ ಇಟ್ಟುಕೊಳ್ಳದೆ, ಆದರೆ ದುಡ್ಡು ತೆಗೆದುಕೊಂಡೇ ಬಡಿಸಿತು. ನಾನೂ ತಾಟಿಗೆ 30 ರೂಪಾಯಿ ಇಟ್ಟೆ. ಎರಡು ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಇಲ್ಲವೇ ಬ್ಯಾಳಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಕೆಲಸ ಸಿಗದ ದಿನ ಅದೇ ತಾಟು ಉದ್ರಿ. ಉದ್ರಿ ಬರೆಯುವ ವಹಿಯಲ್ಲಿ ಹೆಸರಿಲ್ಲ, ಗುರುತನ್ನು ಅವರೇ ಬರೆಯುತ್ತಾರೆ. ಒಬ್ಬನದು ಗಾರೆ ಬಳಿಯುವ ಕರಣಿ, ಒಬ್ಬಳದು ಬುಟ್ಟಿ, ಒಬ್ಬ ಹುಡುಗನದು ವಿಮಾನ! ವಸೂಲಿಗೆ ಯಾರೂ ಹೋಗುವುದಿಲ್ಲ. ಬಟವಾಡೆಯ ದಿನ ತಾವೇ ಬಂದು ಗೀಟು ಹೊಡೆಸುತ್ತಾರೆ. ನೂರಕ್ಕೆ ಎಂಬತ್ತರಷ್ಟು ವಾಪಸ್ ಬಂದಿದೆ. ಹಿರಿಯರು ಈಗ ಆ ಲೆಕ್ಕ ತೆಗೆಯುವುದಿಲ್ಲ. ಬಾಯಿಬಿಟ್ಟು ಕೇಳದವರನ್ನು ಹೇಗೆ ಗುರುತಿಸುತ್ತೇವೆ ಎಂಬುದು ಮಾತ್ರ ನನ್ನ ಮತ್ತು ರೊಟ್ಟಿ ಬಡಿಯುವ ಅಕ್ಕಂದಿರ ನಡುವೆ ಇರಲಿ.

ತಾಟಿಗೆ ನಮಗೆ ಬೀಳುವ ಖರ್ಚು ಮೂವತ್ತೈದು ರೂಪಾಯಿಯ ಆಸುಪಾಸು. ಬಡಿಯುವ ಕೂಲಿ ರೊಟ್ಟಿಗೆ 3 ರೂಪಾಯಿ, ಅಲ್ಲಿ ಕೈ ಬಿಗಿ ಮಾಡಬಾರದು. ಮಾಲದಂಡಿ ಜೋಳವನ್ನು ಊರಿನ ಟ್ರಾವೆಲ್ಸ್ ಬಸ್ಸಿನ ಡಿಕ್ಕಿಯಲ್ಲಿ ತರಿಸಿದರೆ ಕಿಲೋಗೆ ಎಂಟ್ಹತ್ತು ರೂಪಾಯಿ ಉಳಿತಾಯ. ಮಿಕ್ಕ ತೂತು ಮುಚ್ಚುವುದು ಖಡಕ್ ರೊಟ್ಟಿ. ಐಟಿ ಕಂಪನಿಗಳಿರುವ ವಾಕಡ್, ಹಿಂಜವಡಿ ಕಡೆಯ ಫ್ಲಾಟುಗಳ ನಮ್ಮವರು 15 ರೂಪಾಯಿಗೆ ಒಂದರಂತೆ ಚೌಕಾಸಿ ಇಲ್ಲದೆ ಒಯ್ಯುತ್ತಾರೆ. ಮಳೆಗಾಲದಲ್ಲಿ ಅದೂ ಮೆತ್ತಗಾಗುತ್ತದೆ, ಗೌಂಡಿ ಕೆಲಸವೂ ನಿಲ್ಲುತ್ತದೆ. ಆ ಎರಡು ತಿಂಗಳು ಕೈಯಿಂದಲೇ ಹಾಕಬೇಕು.

ನಡುವೆ ರೇಷನ್ನಿಗೂ ಕೈ ಹಾಕಿದೆ. ಊರಿನ ಕಾರ್ಡಿನ ಮೇಲೆ ಇಲ್ಲೇ ತಲೆಗೆ 5 ಕಿಲೋ ಎತ್ತಬಹುದು, ಊರಲ್ಲಿರುವವರ ಪಾಲು ಅಲ್ಲೇ ಸಿಗುತ್ತದೆ. ಆದರೆ ಸಿಮೆಂಟು ತಿಂದ ಬೆರಳಿನ ಗುರುತನ್ನು ರೇಷನ್ ಅಂಗಡಿಯ ಯಂತ್ರ ಹಿಡಿಯಬೇಕಲ್ಲ! ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಸಿ, ಬೆಳಿಗ್ಗೆ ಒರೆಸಿ ಕಳಿಸಿದಾಗ ಅರ್ಧಕ್ಕಿಂತ ಹೆಚ್ಚು ಜನರದು ಹಿಡಿಯಿತು. ಉಳಿದವರಿಗೆ ಕಣ್ಣು ನೋಡುವ ಯಂತ್ರವಿರುವ ಅಂಗಡಿ ಹುಡುಕುತ್ತಿದ್ದೇನೆ. ವಾರ್ಜೆ, ಕೋಥ್ರೂಡ್ ಕಡೆ ಗೊತ್ತಿದ್ದವರು ತಿಳಿಸಿ.