ಬಾಳೆನಾರಿನ ಹುರಿ: ಹೊಸೆಯುವುದು ಒಂದು ಕಡೆಗೆ, ಸುತ್ತುವುದು ಇನ್ನೊಂದು ಕಡೆಗೆ

ಉಡುಗೊರೆ ಪೊಟ್ಟಣಕ್ಕೆ ಪ್ಲಾಸ್ಟಿಕ್ ರಿಬ್ಬನ್ ಬಿಟ್ಟು ಬಾಳೆನಾರಿನ ಹುರಿ ಕಟ್ಟಬೇಕೆಂಬ ಆಸೆ ಈಚೆಗೆ ಹಲವರಿಗೆ ಬಂದಿದೆ. ಒಳ್ಳೆಯದೇ. ಆದರೆ ನಮ್ಮ ಕಡೆಯ ಬೇಸಿಗೆ ಶಿಬಿರಗಳಲ್ಲಿ, ಮಹಿಳಾ ಸಂಘಗಳ ತರಬೇತಿಗಳಲ್ಲಿ ಕಾಣುವುದು ಒಂದೇ ಕಥೆ. ಅರ್ಧ ದಿನ ಕೂತು ಶ್ರದ್ಧೆಯಿಂದ ನಾರು ತೆಗೆದವರು ಕಡೆಯ ಅರ್ಧ ಗಂಟೆಯಲ್ಲಿ ಅದನ್ನು ಹೇಗೋ ತಿರುಚುತ್ತಾರೆ. ಕೈ ಬಿಟ್ಟ ಕೂಡಲೇ ಅದು ಬಿಚ್ಚಿಕೊಳ್ಳುತ್ತದೆ. ಆಗ ಎರಡೂ ತುದಿಗೆ ಬಿಗಿಯಾಗಿ ಗಂಟು ಹಾಕಿ, ನಡುವೆ ಅಲ್ಲಲ್ಲಿ ಗೋಂದು ಬಳಿದು ಮನೆಗೆ ಒಯ್ಯುತ್ತಾರೆ. ಅದು ಹುರಿಯಲ್ಲ, ಗೋಂದು ಹಚ್ಚಿದ ನಾರು. ಸರಿಯಾಗಿ ಹೊಸೆದ ಹುರಿ ಕೈ ಬಿಟ್ಟರೂ ಬಿಚ್ಚಿಕೊಳ್ಳುವುದಿಲ್ಲ. ಅದಕ್ಕಾಗಿಯೇ ಈ ಲೇಖನದಲ್ಲಿ ನಾರು ತೆಗೆಯುವುದಕ್ಕೆ ಸ್ವಲ್ಪ ಜಾಗ, ಹೊಸೆಯುವುದಕ್ಕೆ ಬಹಳ ಜಾಗ.

ಬಾಳೆಯೇ ಏಕೆ?

ಮಲೆನಾಡಿನಲ್ಲಿ ನಾರಿಗೆ ಬರವಿಲ್ಲ. ಪುಂಡಿ ಇದೆ, ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವ ಕುಂಚ ಪುಂಡಿ ನಾರಿನದೇ. ಆದರೆ ಪುಂಡಿಯನ್ನು ನೀರಿನಲ್ಲಿ ಕೊಳೆಹಾಕಿ ದಿನಗಟ್ಟಲೆ ಕಾಯಬೇಕು, ಆ ವಾಸನೆಯನ್ನೂ ತಡೆದುಕೊಳ್ಳಬೇಕು. ಕತ್ತಾಳೆ ನಾರು ಗಟ್ಟಿ, ಆದರೆ ಹಸಿ ಎಲೆಯ ರಸ ತಾಗಿದರೆ ಕೈ ತುರಿಸುತ್ತದೆ. ಮಕ್ಕಳಿಂದ ಮಾಡಿಸುವ ಕೆಲಸವಲ್ಲ. ತೆಂಗಿನ ನಾರು ಕಾಗದವನ್ನು ಗೀರುತ್ತದೆ. ಉಳಿದದ್ದು ಬಾಳೆ. ಅಡಿಕೆ ತೋಟವಿದ್ದಲ್ಲಿ ಬಾಳೆ ಇದ್ದೇ ಇರುತ್ತದೆ. ಒಂದು ಕಂಬ ಒಂದೇ ಗೊನೆ ಕೊಡುವುದರಿಂದ ಗೊನೆ ಇಳಿಸಿದ ಮೇಲೆ ಕಂಬವನ್ನು ಹೇಗೂ ಕಡಿಯುತ್ತೇವೆ. ಗೊನೆ ಮಂಗಗಳ ಪಾಲಾಗಿದ್ದರೂ ಕಂಬದ ನಾರಿಗೆ ನಷ್ಟವಿಲ್ಲ. ಇನ್ನು ಬಲದ ಮಾತು: ಹಡಗಿನ ಹಗ್ಗಕ್ಕೆ ಹೆಸರಾದ ಫಿಲಿಪ್ಪೀನ್ಸಿನ ಮನಿಲಾ ನಾರು ಬಾಳೆಯ ಕುಲಕ್ಕೇ ಸೇರಿದ ಅಬಾಕ ಗಿಡದ್ದು. ನಮ್ಮ ಪುಟ್ಟಬಾಳೆಯಿಂದ ಹಡಗು ಕಟ್ಟಲಾಗದಿದ್ದರೂ ಪೊಟ್ಟಣ ಖಂಡಿತ ಕಟ್ಟಬಹುದು.

ಅಂಗಡಿಯಲ್ಲಿ ಸಿಗುವ ಸುತಲಿ ದಾರ ಸಾಲದೇ ಎಂದು ಕೇಳುವವರಿದ್ದಾರೆ. ಸುತಲಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿ. ಸೆಣಬನ್ನು ಮೆದು ಮಾಡಲು ಕಾರ್ಖಾನೆಯಲ್ಲಿ ಖನಿಜ ತೈಲ ಹಾಕುವುದುಂಟು. ಸೀಮೆಎಣ್ಣೆಯಂಥ ವಾಸನೆ ಅದರದ್ದು. ಕಡುಬಿನ ಡಬ್ಬಕ್ಕೋ ಚಕ್ಕುಲಿ ಪೊಟ್ಟಣಕ್ಕೋ ಅದನ್ನು ಕಟ್ಟಿದರೆ ತಿಂಡಿಗೂ ಅದೇ ವಾಸನೆ. ಇನ್ನು ‘ನೈಸರ್ಗಿಕ’ ಎಂದು ಬಣ್ಣಬಣ್ಣದ ಸುರುಳಿಗಳಲ್ಲಿ ಮಾರುವ ಹೊಳೆಯುವ ನಾರಿನ ಪೈಕಿ ಎಷ್ಟೋ ಪ್ಲಾಸ್ಟಿಕ್ಕೇ. ಒಂದು ಚೂರು ಕತ್ತರಿಸಿ ಬೆಂಕಿ ತಾಗಿಸಿ. ಗಿಡದ ನಾರು ಕಾಗದ ಸುಟ್ಟ ವಾಸನೆ ಬೀರಿ ಬೂದಿಯಾಗುತ್ತದೆ. ಪ್ಲಾಸ್ಟಿಕ್ ಕರಗಿ ಗಟ್ಟಿ ಗುಂಡಾಗುತ್ತದೆ.

ನಾರು ತೆಗೆಯುವುದು

ಹಳೆಯ ಬಟ್ಟೆ ಹಾಕಿಕೊಳ್ಳಿ. ಬಾಳೆಯ ಸೊನೆ ತಾಗಿದ ಕರೆ ಯಾವ ಸಾಬೂನಿಗೂ ಹೋಗುವುದಿಲ್ಲ.

ಕಂಬ ಕಡಿದ ದಿನವೇ, ತಪ್ಪಿದರೆ ಮಾರನೆಯ ದಿನ ಕೆಲಸ ಮುಗಿಸಿ. ತಡವಾದಷ್ಟೂ ನಾರು ಕಂದಾಗುತ್ತದೆ. ಕಂಬದ ಪದರಗಳಲ್ಲಿ, ಅಂದರೆ ಪಟ್ಟೆಗಳಲ್ಲಿ, ಹೊರಗಿನ ಒಣಗಿದ, ಹರಿದವನ್ನು ಬೇರೆ ಇಡಿ (ಅವುಗಳ ಉಪಯೋಗ ಮುಂದೆ ಹೇಳುತ್ತೇನೆ). ಅದರ ಒಳಗಿನ ಮೂರು ನಾಲ್ಕು ಪಟ್ಟೆಗಳೇ ನಮಗೆ ಬೇಕಾದವು. ಇನ್ನೂ ಒಳಗೆ ಹೋದರೆ ನಾರು ಬಿಳಿಯಾಗಿ ನಯವಾಗಿರುತ್ತದೆ, ಆದರೆ ಎಳೆದರೆ ತುಂಡಾಗುತ್ತದೆ. ನಡುವಿನ ದಿಂಡನ್ನು ಪಲ್ಯಕ್ಕೋ ಸಾಸಿವೆಗೋ ಅಡುಗೆಮನೆಗೆ ಕಳಿಸಿ.

ಪಟ್ಟೆಯನ್ನು ಎರಡು ಮೊಳ ಉದ್ದಕ್ಕೆ ಕತ್ತರಿಸಿ, ಎರಡು ಬೆರಳು ಅಗಲಕ್ಕೆ ಸೀಳಿ. ಹೊಳಪಿನ ಹೊರಮೈ ಕೆಳಗಾಗುವಂತೆ ಹಲಗೆಯ ಮೇಲೆ ಹಾಸಿ, ಒಳಗಿನ ಗೂಡುಗೂಡಾದ ತಿರುಳನ್ನು ಮೊಂಡು ಚಾಕುವಿನಿಂದಲೋ ಸ್ಟೀಲ್ ಚಮಚದ ಅಂಚಿನಿಂದಲೋ ಹೆರೆಯಿರಿ. ಹರಿತವಾದ ಕತ್ತಿ ಮುಟ್ಟಬೇಡಿ. ತಿರುಳಿನ ಜೊತೆ ನಾರೂ ಹೋಗುತ್ತದೆ. ನಡುವಿನಿಂದ ತುದಿಯ ಕಡೆಗೆ ಹೆರೆದು, ಪಟ್ಟಿಯನ್ನು ತಿರುಗಿಸಿ ಇನ್ನೊಂದು ಅರ್ಧವನ್ನೂ ಹಾಗೆಯೇ ಮಾಡಿ. ಆಮೇಲೆ ಮಗುಚಿ ಹೊರಮೈಯನ್ನು ಹಗುರವಾಗಿ ಹೆರೆದು, ನೀರಿನಲ್ಲಿ ಜಾಲಾಡಿ, ನೆರಳಿನಲ್ಲಿ ಒಣಗಲು ಹಾಕಿ. ಬಿಳಿಯಾಗಲಿ ಎಂದು ಬ್ಲೀಚಿಂಗ್ ಪೌಡರಿನಲ್ಲಿ ಅದ್ದುವವರಿದ್ದಾರೆ. ನಾರು ಬಿಳಿಯಾಗುತ್ತದೆ, ಜೊತೆಗೆ ಬಲವನ್ನೂ ಕಳೆದುಕೊಳ್ಳುತ್ತದೆ.

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಆಗುಂಬೆ, ಹೊಸನಗರದ ಕಡೆ ಆಷಾಢದಲ್ಲಿ ಹಪ್ಪಳವೇ ಒಣಗುವುದಿಲ್ಲ, ನಾರೆಲ್ಲಿ ಒಣಗೀತು? ಎರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಒಣಗುವುದು ನಿಜ, ಆದರೆ ಹೊಗೆಯ ವಾಸನೆಯ ಹುರಿಯನ್ನು ಉಡುಗೊರೆಗೆ ಕಟ್ಟಲಾಗದು. ದೀಪಾವಳಿಯ ಹೊತ್ತಿನಿಂದ ಯುಗಾದಿಯವರೆಗೆ ಸರಿಯಾದ ಕಾಲ.

ಇಷ್ಟು ಹೆರೆಯಲು ತಾಳ್ಮೆ ಇಲ್ಲದವರಿಗೆ ಒಂದು ಅಡ್ಡದಾರಿ ಇದೆ, ಅದು ಕೆಟ್ಟದ್ದೇನೂ ಅಲ್ಲ. ಬೇರೆ ಇಟ್ಟ ಒಣ ಪಟ್ಟೆಗಳನ್ನು ನೀರು ಚಿಮುಕಿಸಿ ಮೆದು ಮಾಡಿ, ಕಿರುಬೆರಳಿನ ಅರ್ಧ ಅಗಲಕ್ಕೆ ಉದ್ದುದ್ದ ಸೀಳಿ ನೇರವಾಗಿ ಹೊಸೆಯಬಹುದು. ಮನೆಗಳಲ್ಲಿ ಹೂ ಕಟ್ಟಲು ಬಳಸುವುದು ಇದನ್ನೇ. ಹುರಿ ದಪ್ಪವಾಗಿ, ಕಂದಾಗಿ ಬರುತ್ತದೆ. ಅಡಿಕೆ ಹಾಳೆಯ ಪೆಟ್ಟಿಗೆಗೆ ನನ್ನ ಕಣ್ಣಿಗೆ ಅದೇ ಹೆಚ್ಚು ಚೆಂದ. ಹೊಸದಾಗಿ ಕಲಿಯುವವರು ಇದರಿಂದಲೇ ಶುರು ಮಾಡಲಿ. ಕೈ ಕೂಡಿದ ಮೇಲೆ ಹೆರೆದ ನಾರಿಗೆ ಬರಬಹುದು.

ಹೊಸೆಯುವುದು

ಇಲ್ಲಿ ಅವಸರ ಬೇಡ. ಮೊದಲು ಒಂದು ಸಂಗತಿ ತಲೆಯಲ್ಲಿ ಕೂರಬೇಕು. ಹುರಿಯೆಂದರೆ ಎರಡು ಎಳೆ. ಪ್ರತಿಯೊಂದು ಎಳೆಯನ್ನೂ ಒಂದು ಕಡೆಗೆ ಹೊಸೆಯಬೇಕು. ಹೊಸೆದ ಎರಡೂ ಎಳೆಗಳನ್ನು ಒಂದರ ಮೇಲೊಂದು ಅದಕ್ಕೆ ವಿರುದ್ಧ ದಿಕ್ಕಿಗೆ ಸುತ್ತಬೇಕು. ಎಳೆ ಬಿಚ್ಚಿಕೊಳ್ಳಲು ಎಳೆಯುವ ದಿಕ್ಕೇ ಸುತ್ತು ಬಿಗಿಯಾಗುವ ದಿಕ್ಕು. ಒಂದು ಇನ್ನೊಂದನ್ನು ತಡೆಯುವುದರಿಂದ ಎರಡೂ ನಿಲ್ಲುತ್ತವೆ. ದನದ ಕಣ್ಣಿಯಿಂದ ಹಿಡಿದು ಅಡಿಕೆ ಕೊನೆ ಇಳಿಸುವ ಕೊನೆಗಾರರ ಮಿಣಿಯವರೆಗೆ ಎಲ್ಲ ಹಗ್ಗ ನಿಂತಿರುವುದು ಈ ಜಗಳದ ಮೇಲೆ. ಎರಡನ್ನೂ ಒಂದೇ ದಿಕ್ಕಿಗೆ ತಿರುಗಿಸಿದರೆ ಜಗಳವಿಲ್ಲ, ಹುರಿಯೂ ಇಲ್ಲ.

ನಾರನ್ನು ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷ ಸುತ್ತಿಡಿ. ನಾರು ತೇವವಾಗಿರಬೇಕು, ನೀರು ತೊಟ್ಟಿಕ್ಕಬಾರದು. ನೀರು ಕುಡಿದು ಉಬ್ಬಿದ ನಾರನ್ನು ಹೊಸೆದರೆ ಒಣಗಿದಾಗ ಕುಗ್ಗಿ ಹುರಿ ಸಡಿಲವಾಗುತ್ತದೆ. ತೀರ ಒಣಗಿದ್ದರೆ ಮುರಿಯುತ್ತದೆ.

ಬೆಂಕಿಕಡ್ಡಿಯ ಅರ್ಧದಷ್ಟು ದಪ್ಪದ ನಾರಿನ ಎಳೆಯೊಂದನ್ನು ತೆಗೆದುಕೊಳ್ಳಿ. ಸರಿಯಾಗಿ ನಡುವೆ ಮಡಿಸಬೇಡಿ. ಒಂದು ಕಡೆ ಒಂದು ಪಾಲು, ಇನ್ನೊಂದು ಕಡೆ ಎರಡು ಪಾಲು ಬರುವಂತೆ ಹಿಡಿಯಿರಿ. ಕಾರಣ ಮುಂದೆ ಗೊತ್ತಾಗುತ್ತದೆ. ಮಡಿಸುವ ಜಾಗದ ಎರಡೂ ಪಕ್ಕ ಹಿಡಿದು ತಿರುಚುತ್ತ ಹೋಗಿ, ಕೈಗಳನ್ನು ಹತ್ತಿರ ತಂದರೆ ನಾರು ತಾನಾಗಿ ಮುರಿಗೊಂಡು ಸಣ್ಣ ಕುಣಿಕೆಯಾಗುತ್ತದೆ. ಆ ಕುಣಿಕೆಯನ್ನು ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿಯಿರಿ. ಈಗ ಬಲಕ್ಕೆ ಎರಡು ಎಳೆಗಳು ಚಾಚಿರುತ್ತವೆ: ಒಂದು ನಿಮ್ಮಿಂದ ದೂರದ್ದು, ಒಂದು ಹತ್ತಿರದ್ದು.

ದೂರದ ಎಳೆಯನ್ನು ಬಲಗೈಯಲ್ಲಿ ಹಿಡಿದು ನಿಮ್ಮಿಂದ ಆಚೆಗೆ ಹೊಸೆಯಿರಿ. ಬಿಗಿಯಾದ ಮೇಲೆ, ಹೊಸೆತ ಬಿಡದೆ, ಅದನ್ನು ಹತ್ತಿರದ ಎಳೆಯ ಮೇಲಿಂದ ದಾಟಿಸಿ ನಿಮ್ಮ ಕಡೆಗೆ ತನ್ನಿ. ಈಗ ಇನ್ನೊಂದು ಎಳೆ ದೂರದ್ದಾಯಿತು. ಅದನ್ನೂ ಆಚೆಗೆ ಹೊಸೆದು, ಮೇಲಿಂದ ಈಚೆಗೆ ತನ್ನಿ. ಆಚೆಗೆ ಹೊಸೆ, ಈಚೆಗೆ ದಾಟಿಸು. ಇಷ್ಟೇ. ಪ್ರತಿ ಎರಡು ಮೂರು ಸುತ್ತಿಗೊಮ್ಮೆ ಎಡಗೈಯ ಹಿಡಿತವನ್ನು ಸುತ್ತಿನ ತುದಿಗೆ ಸರಿಸಿ. ಹಿಡಿತ ಹಿಂದೆಯೇ ಉಳಿದರೆ ಸುತ್ತುಗಳು ಸಡಿಲವಾಗಿ ಉದ್ದುದ್ದ ಬರುತ್ತವೆ. ಎಡಚರು ಕೈ ಬದಲಿಸಿಕೊಂಡರೆ ಸಾಕು, ಆಚೆ ಈಚೆ ಎರಡೂ ಹಾಗೆಯೇ.

ನಾಲ್ಕು ಬೆರಳಗಲ ಆದ ಮೇಲೆ ಕೈ ಬಿಟ್ಟು ಪರೀಕ್ಷಿಸಿ. ಇದ್ದಲ್ಲೇ ಇದ್ದರೆ ಸರಿ. ಸರ್ರನೆ ಬಿಚ್ಚಿಕೊಂಡರೆ ಒಂದೋ ಎರಡೂ ಒಂದೇ ದಿಕ್ಕಿಗೆ ಹೋಗಿವೆ, ಇಲ್ಲವೇ ಎಳೆಗೆ ಹೊಸೆತವೇ ಬಿದ್ದಿಲ್ಲ, ಬರೀ ಸುತ್ತಿದ್ದೀರಿ. ಈ ಎರಡನೆಯದೇ ಹೆಚ್ಚಾಗಿ ಆಗುವ ತಪ್ಪು. ಮಾತಾಡುತ್ತ ಮಾಡುವಾಗ ಬೆರಳು ಹೊಸೆಯುವುದನ್ನು ಮರೆತು ಬರೀ ದಾಟಿಸುತ್ತಿರುತ್ತದೆ.

ಎರಡು ಎಳೆಗಳ ದಪ್ಪ ಒಂದೇ ಇರಬೇಕು. ಒಂದು ದಪ್ಪ, ಒಂದು ತೆಳು ಆದರೆ ದಪ್ಪದ್ದು ನೆಟ್ಟಗೆ ನಿಲ್ಲುತ್ತದೆ, ತೆಳುವಾದದ್ದು ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯಂತೆ ಅದನ್ನು ಸುತ್ತುತ್ತದೆ. ಅಂಥ ಹುರಿಯಲ್ಲಿ ಭಾರವೆಲ್ಲ ಒಂದೇ ಎಳೆಯ ಮೇಲೆ.

ಇನ್ನು ಕೂಡಿಸುವುದು. ಎಳೆ ಮುಗಿಯುವವರೆಗೆ ಕಾಯಬೇಡಿ. ಅರ್ಧದಷ್ಟು ತೆಳುವಾಗುತ್ತಿದ್ದಂತೆ ಹೊಸ ನಾರು ಸೇರಿಸಿ. ಹೊಸ ನಾರಿನ ಸಪೂರ ತುದಿಯನ್ನು ಎರಡು ಎಳೆಗಳು ಕವಲೊಡೆಯುವ ಸಂದಿಯಲ್ಲಿ, ತೆಳುವಾದ ಎಳೆಯ ಪಕ್ಕ ಇಟ್ಟು, ಮೂರು ಬೆರಳಗಲ ಬಾಲ ಹಿಂದಕ್ಕೆ ಬಿಟ್ಟು, ಎರಡನ್ನೂ ಒಂದೇ ಎಳೆಯೆಂಬಂತೆ ಸೇರಿಸಿ ಹೊಸೆಯಿರಿ. ಗಂಟು ಹಾಕಬಾರದು. ಗಂಟು ಕಣ್ಣಿಗೂ ಕಾಣುತ್ತದೆ, ಬಲವನ್ನೂ ಕಡಿಮೆ ಮಾಡುತ್ತದೆ. ಎರಡೂ ಎಳೆಗಳಿಗೆ ಒಂದೇ ಜಾಗದಲ್ಲಿ ಕೂಡಿಸಲೂಬಾರದು. ಜಗ್ಗಿದರೆ ಅಲ್ಲೇ ಕಳಚುತ್ತದೆ. ಶುರುವಿನಲ್ಲಿ ಒಂದು ಎಳೆಯನ್ನು ಗಿಡ್ಡವಾಗಿ ಬಿಟ್ಟದ್ದು ಇದಕ್ಕಾಗಿಯೇ. ಒಂದು ಮುಗಿಯುವಾಗ ಇನ್ನೊಂದು ಗಟ್ಟಿಯಾಗಿರಬೇಕು.

ಹಳೆಯ ತಲೆಮಾರಿನವರು ಬೆರಳಿನಲ್ಲಿ ಅಲ್ಲ, ತೊಡೆಯ ಮೇಲೆ ಹೊಸೆಯುತ್ತಾರೆ. ಎರಡೂ ಎಳೆಗಳನ್ನು ಬೇರೆಬೇರೆಯಾಗಿ ತೊಡೆಯ ಮೇಲಿಟ್ಟು ಅಂಗೈಯಿಂದ ಒಮ್ಮೆ ಮುಂದಕ್ಕೆ ಉರುಳಿಸಿ, ಒಟ್ಟು ಸೇರಿಸಿ ಹಿಂದಕ್ಕೆ ಎಳೆದರೆ ಒಂದೇ ಏಟಿಗೆ ಗೇಣುದ್ದ ಹುರಿ. ನೋಡಲು ಸುಲಭ. ಬೆರಳಿನಲ್ಲಿ ಕಲಿತ ಮೇಲೆ ಮಾತ್ರ ಇದಕ್ಕೆ ಹೋಗಿ. ಡ್ರಿಲ್ಲಿಂಗ್ ಯಂತ್ರಕ್ಕೆ ಕೊಕ್ಕೆ ಸಿಕ್ಕಿಸಿ ಹೊಸೆಯುವುದನ್ನು ಮೊಬೈಲಿನಲ್ಲಿ ನೋಡಿ ಬಂದವರು ಬೇಕಾದರೆ ಪ್ರಯತ್ನಿಸಲಿ. ಹೊಸೆತ ಅತಿಯಾಗಿ ಹುರಿ ಅಲ್ಲಲ್ಲಿ ಮುರುಟಿಕೊಳ್ಳುತ್ತದೆ, ಪೊಟ್ಟಣದ ಮೇಲೆ ಎಂದೂ ನೆಟ್ಟಗೆ ಕೂರುವುದಿಲ್ಲ.

ಒಣಗಿಸಿ, ನಯ ಮಾಡಿ

ತುದಿಗೆ ಸಣ್ಣ ಗಂಟು ಹಾಕಿ, ಎರಡು ಮೊಳೆಗಳ ನಡುವೆ ಹುರಿಯನ್ನು ಬಿಗಿಯಾಗಿ ಎಳೆದು ಕಟ್ಟಿ ರಾತ್ರಿಯಿಡೀ ಬಿಡಿ. ಈ ಹಂತ ಬಿಟ್ಟವರ ಹುರಿ ಸೊಟ್ಟಸೊಟ್ಟಗೆ ಉಳಿಯುತ್ತದೆ. ಒಣಗಿದ ಮೇಲೆ ಹೊರಚಾಚಿದ ಬಾಲಗಳನ್ನು ಕತ್ತರಿಸಿ, ಜೇನುಮೇಣದ ಉಂಡೆಯ ಮೇಲೆ ಒಮ್ಮೆ ಎಳೆದು ಬಟ್ಟೆಯಿಂದ ಉಜ್ಜಿ. ಮೇಣದಬತ್ತಿಯ ಮೇಣ ಬೇಡ, ಪುಡಿಪುಡಿಯಾಗಿ ಉದುರುತ್ತದೆ.

ಬಣ್ಣ ಬೇಕೇ ಬೇಕು ಎನ್ನುವವರಿಗೆ ಅಡಿಕೆ ಬೇಯಿಸಿದ ಚೊಗರು ಇದ್ದೇ ಇದೆ. ಹೆಗ್ಗೋಡಿನ ಚರಕ ಸಂಸ್ಥೆ ಕೈಮಗ್ಗದ ಬಟ್ಟೆಗೆ ಇದೇ ಚೊಗರಿನ ಬಣ್ಣ ಕಟ್ಟುತ್ತದೆ. ಹೊಸೆಯುವ ಮೊದಲೇ ನಾರನ್ನು ಬಿಸಿ ಚೊಗರಿನಲ್ಲಿ ನೆನೆಸಿದರೆ ಕೆಂಗಂದು ಬಣ್ಣ ಬರುತ್ತದೆ. ಅದರಲ್ಲಿ ತುಕ್ಕು ಹಿಡಿದ ಮೊಳೆ ಹಾಕಿಟ್ಟರೆ ಕಪ್ಪಿಗೆ ತಿರುಗುತ್ತದೆ. ಅರಿಶಿನ ಬೇಡ. ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ, ಕಟ್ಟಿದವರ ಕೈಗೂ ಹತ್ತುತ್ತದೆ.

ಎಷ್ಟು ಬೇಕು?

ಪೆಟ್ಟಿಗೆಗೆ ಅಡ್ಡ ಮತ್ತು ಉದ್ದ ಎರಡೂ ಕಡೆ ಸುತ್ತುವುದಾದರೆ ಉದ್ದದ ಎರಡರಷ್ಟು, ಅಗಲದ ಎರಡರಷ್ಟು, ಎತ್ತರದ ನಾಲ್ಕರಷ್ಟು ಕೂಡಿಸಿ, ಗಂಟಿಗೆಂದು ಒಂದು ಮೊಳ ಸೇರಿಸಿ. 8 ಅಂಗುಲ ಉದ್ದ, 6 ಅಂಗುಲ ಅಗಲ, 3 ಅಂಗುಲ ಎತ್ತರದ ಪೆಟ್ಟಿಗೆಗೆ 40 ಅಂಗುಲದ ಮೇಲೆ ಒಂದು ಮೊಳ. ಒಂದು ಮಾರು ಹುರಿ ಧಾರಾಳವಾಗಿ ಸಾಕು. ಹೊಸೆತದಲ್ಲಿ ಉದ್ದ ಕುಗ್ಗುವುದರಿಂದ ನಾರನ್ನು ಲೆಕ್ಕಕ್ಕಿಂತ ಹೆಚ್ಚಾಗಿಯೇ ಇಟ್ಟುಕೊಂಡು ಕೂರಿ. ಗಂಟು ಬೀಳುವ ಜಾಗಕ್ಕೆ ಮಾತ್ರ ಒದ್ದೆ ಬೆರಳು ತಾಗಿಸಿ ಬಿಗಿದರೆ ಒಣಗಿದ ಮೇಲೆ ಜಾರುವುದಿಲ್ಲ.

ಅಪ್ಪೆಮಿಡಿ ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟಲು ಈ ಹುರಿ ಬಳಸುವುದಾದರೆ ಉಪ್ಪುನೀರು ಸೋಕದಂತೆ ಕಂಠದ ಕೆಳಗೆ ಕಟ್ಟಿ. ತೇವ ಉಳಿದರೆ ಬೂಷ್ಟು ಬರುತ್ತದೆ. ಜೋನಿಬೆಲ್ಲದ ಡಬ್ಬದಂಥ ಭಾರದ ವಸ್ತುವನ್ನು ಹುರಿ ಹಿಡಿದೇ ಎತ್ತುವಂತೆ ಕಟ್ಟಬೇಕಿದ್ದರೆ ಎರಡೆಳೆ ಸಾಲದು. ಅಂಥ ಎರಡು ಹುರಿಗಳನ್ನು ತೆಗೆದುಕೊಂಡು, ಈ ಬಾರಿ ದಿಕ್ಕು ಬದಲಿಸಿ, ಈಚೆಗೆ ಹೊಸೆದು ಆಚೆಗೆ ದಾಟಿಸಿದರೆ ನಾಲ್ಕೆಳೆಯ ಹುರಿ ಸಿದ್ಧ.